ಗುಂಡಿಗೆ ಕಿವಿಗೊಡದ ಬೆಳಕು

"ಗುಂಡಿ ಕೆಟ್ಟಿರಲಿಲ್ಲ. ತಂತಿ ಕಡಿದಿರಲಿಲ್ಲ. ಕರೆಂಟ್ ಹೋಗಿರಲಿಲ್ಲ. ದೀಪ ಒಂದೂ ಸುಟ್ಟಿರಲಿಲ್ಲ. ಆದರೂ ಕೆಂಪು ಗುಂಡಿ ಒತ್ತಿದರೆ ಕೆಂಪು ಬೆಳಕು ಬರಲಿಲ್ಲ, ಹಸಿರೇ ಕುಣಿಯುತ್ತಿತ್ತು. ಏನಾಗಿರಬಹುದು? ಊಹಿಸು ನೋಡೋಣ."

ಗುರುಗಳು ಶಿಷ್ಯನನ್ನು ಹೀಗೆ ಕೇಳಿದರು. ನಿಜ ಹೇಳಬೇಕೆಂದರೆ ಮೊದಲು ಪ್ರಶ್ನೆ ಕೇಳಿದವನು ಶಿಷ್ಯನೇ. ಆದರೆ ಪ್ರಶ್ನೆಗೆ ಪ್ರಶ್ನೆಯನ್ನೇ ತಿರುಗಿ ಬಡಿಸುವುದು ಗುರುಗಳ ಪದ್ಧತಿ. ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತರಾಗಿ, ಆಮೇಲೆ ಈ ಗುಡ್ಡ ಹತ್ತಿ ಮಠ ಸೇರಿದವರು ಅವರು. ಮನೆ, ಸ್ಕೂಟರು, ಬೆತ್ತದ ಕುರ್ಚಿ ಎಲ್ಲವನ್ನೂ ಕೆಳಗೇ ಬಿಟ್ಟರು. ಪಾಠ ಹೇಳುವ ಚಟ ಮಾತ್ರ ಬೆನ್ನು ಹತ್ತಿ ಮೇಲೆ ಬಂತು.

ಶಿಷ್ಯ ಘಟ್ಟದ ಮೇಲಿನವನು. ಕಡಲು ಕಂಡದ್ದೇ ಈ ಆಷಾಢದಲ್ಲಿ. ಬಂದವನೇ ವ್ರತ ಹಿಡಿದ. ಚಾತುರ್ಮಾಸ್ಯ ಮುಗಿಯುವ ತನಕ ಗುಡ್ಡ ಇಳಿಯುವುದಿಲ್ಲ, ಊರಿನ ಸುದ್ದಿ ಕೇಳುವುದಿಲ್ಲ. ಹಿಡಿದ ವ್ರತವನ್ನು ಬಿಟ್ಟವನಲ್ಲ. ಈಗ ಜಗಲಿಯಲ್ಲಿ ಕೂತು ಹೆಗಲಿಗೆ ಹಾಕುವ ಒಂದು ಕೆಂಪು ಬೈರಾಸಿನಿಂದ ಹಿತ್ತಾಳೆಯ ಕಾಲುದೀಪ ಒರೆಸುತ್ತಿದ್ದ. ಒರೆಸುತ್ತಲೇ ಕೇಳಿದ:

"ಗುರುಗಳೇ, ಜಪಕ್ಕೆ ಕೂತವನಿಗೆ ಹೊರಗಿನ ಸದ್ದು ತಾಗದೇ ಹೋದರೆ ಅದು ಸಿದ್ಧಿಯೇ?"

"ಈಗ ಯಾಕೆ ಬಂತು ಈ ಪ್ರಶ್ನೆ?"

"ನೂಲ ಹುಣ್ಣಿಮೆಯ ದಿನ ನೀವು ಹಲ್ಲು ಕೀಳಿಸಿಕೊಳ್ಳಲು ಪೇಟೆಗೆ ಹೋಗಿದ್ದಿರಿ. ನಾನು ಬಾಗಿಲಿಗೆ ಅಗಳಿ ಹಾಕಿ ಸಹಸ್ರನಾಮಕ್ಕೆ ಕೂತೆ. ನಡುವೆ ಯಾರೋ ಬಾಗಿಲು ಬಡಿದರು. ಬಹಳ ಬಡಿದರು. ಕೂಗಿದರು. ನಾನು ಕಣ್ಣು ತೆರೆಯಲಿಲ್ಲ. ಒಂದು ನಾಮವೂ ತಪ್ಪಲಿಲ್ಲ. ಮುಗಿಸಿ ಎದ್ದು ನೋಡಿದರೆ ಯಾರೂ ಇಲ್ಲ. ಮೆಟ್ಟಿಲ ಮೇಲೆ ಈ ಬಟ್ಟೆ ಬಿದ್ದಿತ್ತು. ದೀಪ ಒರೆಸಲಿಕ್ಕೆ ಒಳ್ಳೆಯದಾಯಿತು."

"ಏನೆಂದು ಕೂಗಿದರು?"

"ಅದನ್ನೇ ಹೇಳುತ್ತಿದ್ದೇನಲ್ಲ ಗುರುಗಳೇ! ಮಾತು ಏನೆಂದು ನನಗೆ ತಿಳಿಯಲೇ ಇಲ್ಲ."

ಶಿಷ್ಯನ ಮುಖ ಒರೆಸಿದ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ಗುರುಗಳು ಊದಿದ ಕೆನ್ನೆಯನ್ನು ಅಂಗೈಯಿಂದ ಒತ್ತಿಕೊಂಡರು. ಆಮೇಲೆ ಗುಂಡಿಯ ಪ್ರಶ್ನೆ ಕೇಳಿದರು.

"ಕೆಂಪು ಬಲ್ಬು ಹೋಗಿರಬೇಕು," ಅಂದ ಶಿಷ್ಯ.

"ಹೋಗಿರಲಿಲ್ಲ ಅಂದೆನಲ್ಲ."

"ಒತ್ತಿದವನು ಬೇರೆ ಗುಂಡಿ ಒತ್ತಿರಬೇಕು."

"ಇದ್ದದ್ದೇ ಒಂದು ಗುಂಡಿ."

"ಹಾಗಾದರೆ ಯಾರೋ ಮಾಟ ಮಾಡಿಸಿದ್ದಾರೆ."

"ಮಾಟವೂ ಅಲ್ಲ, ಮಣ್ಣೂ ಅಲ್ಲ. ಕಾಲೇಜಿನಲ್ಲಾಗಿದ್ದರೆ ನಿನ್ನನ್ನು ಹಿಂದಿನ ಬೆಂಚಿಗೆ ಕಳಿಸುತ್ತಿದ್ದೆ. ಕೇಳು. ಕೈ ನಿಲ್ಲಿಸಬೇಡ, ಒರೆಸುತ್ತಲೇ ಕೇಳು."

ಗುರುಗಳು ಹೇಳತೊಡಗಿದರು.

ಒಂದು ಊರು. ಊರಿನ ತುದಿಯಲ್ಲಿ ಹೊಳೆ ಕಡಲಿಗೆ ಸೇರುವ ಅಳಿವೆ. ಆ ಊರಿನಲ್ಲಿ ಒಬ್ಬ ದೀಪದವನಿದ್ದ. ಎಲ್‌ಇಡಿ ಪಟ್ಟಿ ಹಾಕುವುದು ಅವನ ಕಸುಬು. ಮದುವೆ ಹಾಲಿನಲ್ಲಿ ವಧೂವರರ ಬೆನ್ನ ಹಿಂದೆ ಬೆಳಕು ಹಾವಿನ ಹಾಗೆ ಹರಿಯುತ್ತದಲ್ಲ, ಅದೇ. ಉದ್ದ ಪಟ್ಟಿ, ಪಟ್ಟಿಯ ಉದ್ದಕ್ಕೂ ಅಕ್ಕಿಕಾಳಿನಂಥ ದೀಪಗಳು. ಒಂದೊಂದು ಕಾಳಿಗೂ ಬೇರೆ ಬೇರೆಯಾಗಿ ಹೇಳಬಹುದು, ನೀನು ಕೆಂಪಾಗು, ನೀನು ಹಸಿರಾಗು, ನೀನು ಸುಮ್ಮನಿರು ಎಂದು. ಹೇಳುವುದು ಬೆರಳುದ್ದದ ಒಂದು ಬೋರ್ಡು. ಆ ಬೋರ್ಡಿಗೆ ಪ್ರೋಗ್ರಾಂ ಬರೆದು ಕಲಿಸುವವನು ದೀಪದವನು.

ನಿಜವಾಗಿ ಅಲ್ಲಿ ಯಾವ ಬೆಳಕೂ ಓಡುವುದಿಲ್ಲ. ಒಂದು ಕಾಳು ಆರುತ್ತದೆ, ಪಕ್ಕದ ಕಾಳು ಹತ್ತುತ್ತದೆ. ಓಡಿತು ಅನ್ನುವುದು ನಮ್ಮ ಕಣ್ಣು.

ಪ್ರತಿ ಮದುವೆಗೂ ಒಂದೊಂದು ಕಾಳಿಗೆ ಹೇಳುತ್ತಾ ಕೂತರೆ ಮುಹೂರ್ತ ಮೀರಿಹೋಗುತ್ತದೆ. ಅದಕ್ಕೆ ಅವನು ಒಂದು ಉಪಾಯ ಮಾಡಿಕೊಂಡಿದ್ದ. ಮ್ಯಾಕ್ರೋ ಅನ್ನುತ್ತಾರೆ ಅದಕ್ಕೆ. ಅಡುಗೆಮನೆಯಲ್ಲಿ ಅತ್ತೆ ಸೊಸೆಗೆ 'ಒಗ್ಗರಣೆ ಹಾಕು' ಅನ್ನುತ್ತಾಳೆ. ಎಣ್ಣೆ ಕಾಯಿಸು, ಸಾಸಿವೆ ಹಾಕು, ಚಟಪಟ ಅನ್ನುವ ತನಕ ತಡೆ, ಕರಿಬೇವು ಹಾಕು ಎಂದೆಲ್ಲ ಹೇಳುವುದಿಲ್ಲ. ಒಂದು ಹೆಸರು ಕರೆದರೆ ಸಾಕು, ಒಳಗಿನದೆಲ್ಲ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಅವನೂ ಹಾಗೆ ಬೆಳಕಿನ ಆಟಗಳನ್ನು ಗಂಟು ಕಟ್ಟಿ ಒಂದೊಂದಕ್ಕೂ ಹೆಸರಿಟ್ಟಿದ್ದ. ಓಟ, ತೆರೆ, ಮಿಣುಕು, ಉಸಿರು. ಅವೆಲ್ಲ ಸೇರಿ ಅವನ ಲೈಬ್ರರಿ. ಎಲ್ಲಿ ಬೇಕಾದರೂ ಹೊತ್ತು ಹೋಗುತ್ತಿದ್ದ, ಹೆಸರು ಕರೆಯುತ್ತಿದ್ದ, ಬೆಳಕು ಬರುತ್ತಿತ್ತು.

"ಚೆನ್ನಾಗಿದೆ," ಅಂದ ಶಿಷ್ಯ. "ನಾಮಕ್ಕೆ ಶಕ್ತಿ ಇದೆ ಎಂದು ಶಾಸ್ತ್ರವೂ ಹೇಳುತ್ತದೆ."

"ಹೇಳುತ್ತದೆ. ಮುಂದೆ ಕೇಳು."

ಆ ಗಂಟುಗಳ ಒಳಗೆಲ್ಲ ಒಂದು ಸಣ್ಣ ಆಜ್ಞೆ ಇತ್ತು. 'ತಡೆ' ಎಂದು ಅದರ ಹೆಸರು. ಇಷ್ಟು ಹೊತ್ತು ಇಲ್ಲೇ ನಿಲ್ಲು, ಬೇರೆ ಏನನ್ನೂ ಮಾಡಬೇಡ, ಬೇರೆ ಯಾವುದನ್ನೂ ನೋಡಬೇಡ ಎಂದು ಅದರ ಅರ್ಥ. ತಡೆ ಇಲ್ಲದಿದ್ದರೆ ಬೆಳಕು ಎಷ್ಟು ಬೇಗ ಸರಿಯುತ್ತದೆಂದರೆ ಕಣ್ಣಿಗೆ ಬರೀ ಬಿಳಿ ಮಂಪರು ಕಾಣುತ್ತದೆ. ಚೆಲುವೆಲ್ಲ ಆ ತಡೆಯಲ್ಲಿತ್ತು.

ದೀಪದವನು ಮೀನುಗಾರರ ಮನೆಯಲ್ಲಿ ಹುಟ್ಟಿದವನು. ಆದರೆ ಅವನಿಗೆ ನೀರೆಂದರೆ ಹೆದರಿಕೆ. ಅವನು ಸಣ್ಣವನಿದ್ದಾಗ ಅಪ್ಪನನ್ನು ಅಳಿವೆ ನುಂಗಿತ್ತು. ಅಂದಿನಿಂದ ಅವನು ದೋಣಿ ಹತ್ತಲಿಲ್ಲ. ಊರವರು ಬಿಡುತ್ತಾರೆಯೇ? 'ಮೀನಿನ ಹೊಟ್ಟೆಯಲ್ಲಿ ಹುಟ್ಟಿ ಈಜು ಬಾರದವ' ಎಂದು ಕಾಲೆಳೆದರು. ಅವನಿಗೆ ಒಬ್ಬ ತಮ್ಮ. ತಮ್ಮನಿಗೆ ಯಾವ ಹೆದರಿಕೆಯೂ ಇರಲಿಲ್ಲ. ತಮ್ಮನ ಪಾಲಿನ ಹೆದರಿಕೆಯನ್ನೂ ಅಣ್ಣನೇ ಹೆದರುತ್ತಿದ್ದ. ತಮ್ಮ ಕಡಲಿಗೆ ಹೋದ ದಿನವೆಲ್ಲ ಅವನಿಗೆ ಮೇಲಿನ ಉಸಿರು ಮೇಲೆ, ಕೆಳಗಿನ ಉಸಿರು ಕೆಳಗೆ.

ಅಳಿವೆಯ ವಿಷಯ ನಿನಗೆ ಹೇಳಬೇಕು, ನೀನು ಘಟ್ಟದ ಮೇಲಿನವನು. ಹೊಳೆ ಹೊತ್ತು ತಂದ ಮರಳು ಬಾಯಿಯಲ್ಲಿ ದಿಬ್ಬವಾಗಿ ಕೂತಿರುತ್ತದೆ. ಕಡಲಿನ ಅಲೆ ಅದರ ಮೇಲೆ ಬಂದು ಒಡೆಯುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಅಲೆ ಒಳಗೆ ನುಗ್ಗುತ್ತದೆ. ಎರಡೂ ಎದುರಾಬದುರು ನಿಂತಾಗ ನೀರು ಗೋಡೆಯ ಹಾಗೆ ಏಳುತ್ತದೆ. ಭಯ ಅದಲ್ಲ. ಭಯ ಏನೆಂದರೆ, ಹೊರಗಿನಿಂದ ಬರುವವನಿಗೆ ಅಲೆಯ ಬೆನ್ನು ಮಾತ್ರ ಕಾಣುತ್ತದೆ, ಬಾಯಿ ಕಾಣುವುದಿಲ್ಲ. ಬೆನ್ನು ಯಾವಾಗಲೂ ನುಣ್ಣಗೆ ಇರುತ್ತದೆ. ಆದ್ದರಿಂದ ದೋಣಿಯವರು ತಮ್ಮ ಕಣ್ಣನ್ನು ನಂಬುವುದಿಲ್ಲ. ದಡದಲ್ಲಿ ನಿಂತವನ ಕಣ್ಣನ್ನು ನಂಬುತ್ತಾರೆ.

ಆ ಊರಿನಲ್ಲಿ ಅಳಿವೆ ನೋಡುವ ಒಬ್ಬ ಮುದುಕನಿದ್ದ. ಅಳಿವೆ ಕೆಟ್ಟರೆ ಹೆಗಲ ಮೇಲಿನ ಕೆಂಪು ಬೈರಾಸನ್ನು ಬೀಸುತ್ತಿದ್ದ. ದೋಣಿಗಳು ಹೊರಗೇ ನಿಲ್ಲುತ್ತಿದ್ದವು. ದೀಪದವನು ನೋಡಿದ. ಮಳೆ ಹನಿ ದಪ್ಪವಾದರೆ ಬೈರಾಸು ಯಾರಿಗೆ ಕಾಣುತ್ತದೆ? ಅಳಿವೆಯ ಪಕ್ಕಕ್ಕೆ ಕಟ್ಟಿದ ಕಲ್ಲಿನ ತಡೆಗೋಡೆಯ ಉದ್ದಕ್ಕೂ ಪಟ್ಟಿ ಹಾಕಿದ. ಹಸಿರಾದರೆ ಬಾ, ಕೆಂಪಾದರೆ ನಿಲ್ಲು. ದೋಣಿ ಕಟ್ಟುವ ಧಕ್ಕೆಯ ಚಪ್ಪರದಲ್ಲಿ ಮುದುಕನ ಕೈಗೆಟಕುವ ಹಾಗೆ ಒಂದು ಕೆಂಪು ಗುಂಡಿ ಇಟ್ಟ. ಒತ್ತಿದ ಕೂಡಲೇ ಗೋಡೆ ಇಡೀ ಕೆಂಡವಾಗುತ್ತಿತ್ತು.

"ಮೊದಲು ಬೀಸಿ ಬೀಸಿ ರಟ್ಟೆ ಬೀಳ್ತಿತ್ತು," ಅಂದ ಮುದುಕ. "ಈಗ ಒಂದು ಬೆರಳಿನ ಕೆಲಸ. ನಿನ್ನ ಅಪ್ಪ ಇದ್ದಾಗ ಇದು ಇರಬೇಕಿತ್ತು ಮಾರಾಯ."

ದೀಪದವನು ಮನೆಗೆ ಹೋಗಿ ಅಪ್ಪನ ಪಟದ ಎದುರು ಸ್ವಲ್ಪ ಹೊತ್ತು ನಿಂತ. ಅಪ್ಪ ಹೋದ ಮೇಲೆ ಮೊದಲ ಸಲ ಅವನ ಹೆದರಿಕೆ ಸ್ವಲ್ಪ ತಗ್ಗಿತ್ತು.

ಹೆದರಿಕೆ ತಗ್ಗಿದಾಗಲೇ ತಪ್ಪು ಆಗುವುದು.

ಸಮುದ್ರಪೂಜೆ ಬಂತು. ಮಳೆಗಾಲದಲ್ಲಿ ಸುಮ್ಮನಿದ್ದ ಮೀನುಗಾರರು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು, ಮತ್ತೆ ಬಲೆ ಹಾಕಲು ಹೊರಡುವ ದಿನ ಅದು. ಹಿಂದಿನ ದಿನ ಮೀನುಗಾರರ ಸಂಘದ ಅಧ್ಯಕ್ಷ ಬಂದ.

"ಅಲ್ಲ ಮಾರಾಯ, ಯಾರ್ಯಾರದ್ದೋ ಮದುವೆಗೆ ದೀಪ ಕುಣಿಸ್ತೀಯ, ಕಡಲಮ್ಮನ ಪೂಜೆಗೆ ಬರೀ ಹಸಿರು ಹಚ್ಚಿ ಕೂರಿಸಿದ್ದೀಯಲ್ಲ! ಅಮ್ಮ ಏನು ನಿಮ್ಮ ಮನೆಯಲ್ಲಿ ಬಾಡಿಗೆಗೆ ಇದ್ದಾಳಾ?"

"ಅದು ಆಟದ ದೀಪ ಅಲ್ಲ ಅಣ್ಣ."

"ಒಂದು ದಿನ ಆಡಿದರೆ ಸವೆದು ಹೋಗ್ತದಾ?"

ದೀಪದವನಿಗೆ ಒಳಗೇ ಆಸೆ ಇತ್ತು. ಅವನು ತನ್ನ ಲೈಬ್ರರಿ ತೆರೆದ. ತೆರೆ, ಓಟ, ಮಿಣುಕು ಎಲ್ಲವನ್ನೂ ಸೇರಿಸಿ ಹೊಸದೊಂದು ಗಂಟು ಕಟ್ಟಿದ. 'ಹಬ್ಬ' ಎಂದು ಹೆಸರಿಟ್ಟ. ನೀಲಿಯಿಂದ ಹಸಿರು ಹುಟ್ಟಬೇಕು, ಹಸಿರು ಅಲೆಅಲೆಯಾಗಿ ಅಳಿವೆಯ ಕಡೆ ಹರಿಯಬೇಕು. ಮೊದಲು ಹಬ್ಬ ಆಡು, ಆಡಿ ಮುಗಿದ ಮೇಲೆ ಗುಂಡಿಯನ್ನು ನೋಡು, ಒತ್ತಿದ್ದರೆ ಕೆಂಪಾಗು, ಇಲ್ಲದಿದ್ದರೆ ಮತ್ತೆ ಹಬ್ಬ ಆಡು ಎಂದು ಬರೆದ. ಕರೆಂಟ್ ಹೋಗಿ ಬಂದರೂ ಮೊದಲು ಕಾಣುವುದು ಹಬ್ಬವೇ ಆಗಲಿ ಎಂದು ಅದನ್ನು ಎಲ್ಲಕ್ಕಿಂತ ಮೊದಲಿಗೆ ಇಟ್ಟ.

ಮುದುಕ ಒಂದೇ ಪ್ರಶ್ನೆ ಕೇಳಿದ. "ಇದು ಕುಣೀತಾ ಇರುವಾಗ ನಾನು ಗುಂಡಿ ಒತ್ತಿದರೆ ಕೆಂಪು ಬರ್ತದಾ?"

"ಬರ್ತದೆ ಅಜ್ಜ. ಸುತ್ತು ಮುಗಿದ ಕೂಡಲೇ ಬರ್ತದೆ."

"ಸುತ್ತು ಎಷ್ಟು ಉದ್ದ?"

"ನೀವು ಎಲೆಗೆ ಸುಣ್ಣ ಹಚ್ಚುವುದರೊಳಗೆ ಮುಗೀತದೆ."

ಆಗ ಅದು ನಿಜವಾಗಿತ್ತು. ಮುದುಕ ಎಲೆಗೆ ಸುಣ್ಣ ಹಚ್ಚಿದ, ಗುಂಡಿ ಒತ್ತಿದ, ಕೆಂಪು ಬಂತು. ಇಬ್ಬರೂ ನಕ್ಕರು.

ಪೂಜೆಯ ಬೆಳಿಗ್ಗೆ ಮೋಡ ಕವಿದಿತ್ತು. ದೀಪ ಕುಣಿಯತೊಡಗಿದ್ದೇ ಧಕ್ಕೆಯಲ್ಲಿ ನೆರೆದವರು ಬಾಯಿ ಬಿಟ್ಟರು. ಹೆಂಗಸರು ಮಕ್ಕಳನ್ನು ಎತ್ತಿ ತೋರಿಸಿದರು. 'ಇನ್ನೂ ಸ್ವಲ್ಪ ಹೊತ್ತು ಆಡಿಸು' ಅಂದರು. ದೀಪದವನು ಒಂದು ತೆರೆ ಇದ್ದಲ್ಲಿ ಹತ್ತು ತೆರೆ ಕರೆದ. ಹೆಸರು ಕರೆಯುವುದಕ್ಕೆ ಏನು ಖರ್ಚು? 'ಇನ್ನೂ ನಿಧಾನ ಬರಲಿ, ಕಣ್ಣು ತುಂಬಲಿ' ಅಂದರು. ಪ್ರತಿ ತಡೆಯನ್ನೂ ಹಿಗ್ಗಿಸಿದ. ಹಬ್ಬದೊಳಗೆ ಹಬ್ಬ ಸೇರಿತು. ಸುತ್ತು ಬೆಳೆಯಿತು. ಎಷ್ಟು ಬೆಳೆಯಿತು ಎಂದು ಅವನು ನೋಡಲಿಲ್ಲ. ಎಲೆಗೆ ಸುಣ್ಣ ಹಚ್ಚಿ ಯಾರೂ ಮತ್ತೆ ಅಳೆಯಲಿಲ್ಲ.

ದೋಣಿಗಳು ಹೊರಟವು. ಮುಂದಿನ ದೋಣಿ ತಮ್ಮನದು. ಅಣ್ಣ ಗೋಡೆಯ ಮೇಲೆ ನಿಂತು ಕೂಗಿ ಹೇಳಿದ.

"ಇವತ್ತು ದೀಪ ಕುಣೀತದೆ, ಗಾಬರಿ ಆಗ್ಬೇಡ. ಕೆಂಪು ಬಂದರೆ ಮಾತ್ರ ನಿಲ್ಲು. ಕೆಂಪು ಇಲ್ಲದಿದ್ದರೆ ಬಾ."

"ಗೊತ್ತುಂಟು ಮಾರಾಯ!" ಅಂದ ತಮ್ಮ. "ನೀನು ಹೆದರಿ ಹೆದರಿ ನನ್ನ ಮೀನೆಲ್ಲ ಓಡಿಸ್ತೀಯ."

ಮಧ್ಯಾಹ್ನ ಕಳೆಯಿತು. ಹುಣ್ಣಿಮೆಯ ದಿನ ಇಳಿತ ಜೋರು. ನೀರು ಹೊರಗೆ ಸೆಳೆಯತೊಡಗಿತು. ನೈಋತ್ಯದಿಂದ ಗಾಳಿ ಬಂತು, ಹಿಂದೆಯೇ ಮಳೆ ಬಂತು. ಹಗಲೇ ಕತ್ತಲಾಯಿತು. ಅಳಿವೆಯಲ್ಲಿ ನೀರು ಎದ್ದು ನಿಂತಿತು. ಮುದುಕ ನೋಡಿದ. ಬಾಯಲ್ಲಿದ್ದ ಎಲೆಅಡಿಕೆ ಉಗಿದು ಗುಂಡಿ ಒತ್ತಿದ.

ಹಸಿರು ಹರಿಯುತ್ತಿತ್ತು.

"ಏ, ಇಲ್ಲಿ ಬಾರೋ. ಕೆಂಪು ಬರ್ತಾ ಇಲ್ಲ."

"ಬರ್ತದೆ ಅಜ್ಜ. ಸುತ್ತು ಮುಗೀಲಿ."

ಸುತ್ತು ಮುಗಿಯಲಿಲ್ಲ. ಒಂದು ತೆರೆ ಹೋಯಿತು. ನಿಧಾನವಾಗಿ ಇನ್ನೊಂದು ತೆರೆ ಹುಟ್ಟಿತು. ದೀಪದವನು ತಾನೇ ಗುಂಡಿ ಒತ್ತಿ ಹಿಡಿದ. ಮಳೆಯ ಆಚೆ ದೋಣಿಗಳು ಚುಕ್ಕೆಯ ಹಾಗೆ ಕಂಡವು. ಮುಂದಿನ ಚುಕ್ಕೆ ತಮ್ಮನದು. ಇನ್ನೂ ಒಂದು ತೆರೆ. ಅದೂ ಅಷ್ಟೇ ಚೆಂದ ಇತ್ತು.

"ಗುರುಗಳೇ, ಬೋರ್ಡು ಕೆಟ್ಟಿತ್ತೇ?" ಎಂದ ಶಿಷ್ಯ.

"ಬೋರ್ಡು ಕೆಟ್ಟಿದ್ದರೆ ಪುಣ್ಯ. ಅದು ಹೇಳಿದ್ದನ್ನು ಹೇಳಿದ ಹಾಗೆ, ಒಂದಕ್ಷರ ತಪ್ಪದೆ ಮಾಡುತ್ತಿತ್ತು."

ದೀಪದವನಿಗೆ ಈಗ ಎಲ್ಲ ಹೊಳೆಯಿತು. ತಾನೇ ಬರೆದದ್ದು ಕಣ್ಣೆದುರು ಸಾಲಾಗಿ ಬಂತು. ಹೆಸರು, ತಡೆ. ಹೆಸರು, ತಡೆ. ನಡುವೆ ಎಲ್ಲೂ 'ಗುಂಡಿಯ ಕಡೆ ನೋಡು' ಎಂದು ಬರೆದಿರಲಿಲ್ಲ. ಅವನು ಗುಂಡಿ ಒತ್ತಿದ್ದು ಕಿವುಡನ ಬಾಗಿಲು ಬಡಿದ ಹಾಗೆ.

ಬದಲಿಸಿ ಬರೆಯುವಷ್ಟು ಹೊತ್ತಿರಲಿಲ್ಲ, ಅವನು ಕರೆಂಟ್ ತೆಗೆದ. ಗೋಡೆ ಕತ್ತಲಾಯಿತು. ಮುದುಕ ಅರಚಿದ.

"ಕತ್ತಲು ಮಾಡಿದರೆ ಏನು ಬಂತು? ದಿನಾ ಕರೆಂಟ್ ಹೋಗ್ತದೆ, ದಿನಾ ಅವರು ಬರ್ತಾರೆ. ಕೆಂಪು ಬೇಕು, ಕೆಂಪು!"

ಕರೆಂಟ್ ಮತ್ತೆ ಕೊಟ್ಟ. ಬೋರ್ಡು ಎಚ್ಚರವಾಯಿತು. ಮೊದಲಿನಿಂದ ಹಬ್ಬ ಶುರು ಮಾಡಿತು.

ಹಳೆಯ ಸುತ್ತು ಮುಗಿಯಲು ಬಂದಿತ್ತೇನೋ, ಯಾರಿಗೆ ಗೊತ್ತು. ಅವನೇ ಮತ್ತೆ ಮೊದಲಿಗೆ ತಂದಿಟ್ಟಿದ್ದ.

ಫೋನ್ ಮಾಡಿದ. ತಮ್ಮನ ಫೋನ್ ಬುತ್ತಿಯ ಚೀಲದೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡಿತ್ತು. ರಿಂಗಾಯಿತು, ರಿಂಗಾಯಿತು, ನಿಂತಿತು. ಮುದುಕ ಬೈರಾಸು ಬೀಸಿದ. ಅಷ್ಟು ಬೆಳಕಿನ ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ ಯಾರಿಗೆ ಕಾಣಬೇಕು? ಎಲ್ಲರ ಕಣ್ಣೂ ದೀಪದ ಮೇಲಿತ್ತು. ಅದನ್ನೇ ನಂಬಿ ಎಂದು ಹೇಳಿಕೊಟ್ಟವನು ದೀಪದವನೇ.

"ಗಂಟೆ!" ಅಂದ ಮುದುಕ. "ಗುಡ್ಡಕ್ಕೆ ಓಡು. ಗಂಟೆ ಬಾರಿಸಲಿಕ್ಕೆ ಹೇಳು. ಇದನ್ನೂ ಹಿಡ್ಕೋ, ಮೇಲಿಂದಾದರೂ ಕಂಡೀತು." ಬೈರಾಸನ್ನು ಅವನ ಹೆಗಲಿಗೆ ಎಸೆದ.

ಆ ಊರಿನಲ್ಲಿ ದೀಪಕ್ಕಿಂತ, ಬೈರಾಸಿಗಿಂತ ಹಳೆಯದಾದ ಒಂದು ಕ್ರಮ ಇತ್ತು. ಅಳಿವೆಯ ಪಕ್ಕ ಗುಡ್ಡ. ಗುಡ್ಡದ ಮೇಲೊಂದು ಮನೆ. ಮನೆಯ ಒಳಗೆ ಕಂಚಿನ ಗಂಟೆ. ಬರುವ ದೋಣಿ ಗುಡ್ಡದ ಬುಡದಲ್ಲೇ ಹಾದು ಬರಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಕೇಳಿದರೆ ಅಳಿವೆ ಕೆಟ್ಟಿದೆ ಎಂದು ಅರ್ಥ. ಕಂಚಿನ ಸದ್ದು ಎಂಜಿನ್ನಿನ ಸದ್ದನ್ನೂ ಸೀಳುತ್ತಿತ್ತು.

ದೀಪದವನು ಓಡಿದ. ಜಾರಿದ, ಎದ್ದ, ಓಡಿದ. ಮೇಲೆ ಬಂದಾಗ ಬಾಗಿಲು ಹಾಕಿತ್ತು. ಬಡಿದ. ಒಳಗೆ ಜನ ಇದ್ದರು. ದನಿ ಕೇಳುತ್ತಿತ್ತು. ಅವನ ಜೀವಕ್ಕೆ ಜೀವ ಬಂತು. ಎರಡೂ ಕೈಯಿಂದ ಬಡಿದ. ಹೆಗಲಿನ ಬೈರಾಸು ಮೆಟ್ಟಿಲ ಮೇಲೆ ಜಾರಿ ಬಿತ್ತು. ಅದರ ಕಡೆ ಅವನ ಗಮನ ಹೋಗಲಿಲ್ಲ.

ಶಿಷ್ಯನ ಕೈ ಕಾಲುದೀಪದ ಮೇಲೆ ನಿಂತಿತು.

"ಒರೆಸು," ಅಂದರು ಗುರುಗಳು. ಶಿಷ್ಯ ಒರೆಸಲಿಲ್ಲ.

"ಗಂಟೆ ಬಾರಿಸಿ ಸ್ವಾಮೀ!" ಎಂದು ದೀಪದವನು ಕೂಗಿದ. "ಅಳಿವೆ ಕೆಟ್ಟಿದೆ! ಗಂಟೆ! ನನ್ನ ತಮ್ಮ ಇದ್ದಾನೆ!"

ಒಳಗಿನ ದನಿ ನಿಲ್ಲಲಿಲ್ಲ. ಅವನು ಬಡಿದಷ್ಟೂ ಅದು ಸ್ವಲ್ಪ ಏರಿತು. ಅವನು ಕಿವಿಯನ್ನು ಬಾಗಿಲಿಗೆ ಒತ್ತಿದ. ಒಂದು ಹೆಸರು, ಒಂದು ತಡೆ. ಮತ್ತೊಂದು ಹೆಸರು, ಮತ್ತೊಂದು ತಡೆ. ಬಹಳ ಚೆಂದದ ದನಿ, ಎಲ್ಲೂ ತಪ್ಪಿಲ್ಲ, ಎಲ್ಲೂ ಎಡವಿಲ್ಲ. ದೀಪದವನಿಗೆ ಆ ಹೆಸರುಗಳು ತಿಳಿದಿರಲಿಲ್ಲ. ಆದರೆ ಅವು ಸಾಗುವ ರೀತಿಯ ಗುರುತು ಅವನಿಗೆ ಕೂಡಲೇ ಸಿಕ್ಕಿತು. ಅವನ ಕೈ ತಾನಾಗಿ ಕೆಳಗಿಳಿಯಿತು. ಇದು ಸುತ್ತು ಮುಗಿಯದೆ ನಿಲ್ಲುವುದಿಲ್ಲ ಎಂದು ಆ ಊರಿನಲ್ಲಿ ಅವನಷ್ಟು ಬಲ್ಲವರು ಬೇರೆ ಯಾರಿದ್ದರು?

ಬರಿಗೈಯಲ್ಲಿ ಗುಡ್ಡದ ಅಂಚಿಗೆ ಓಡಿದ. ಕೆಳಗೆ ತಮ್ಮನ ದೋಣಿ ಆಗಲೇ ಗುಡ್ಡ ದಾಟಿತ್ತು. ಕಿರುಚಿದ. ಗಾಳಿ ಆ ಕಿರುಚಾಟವನ್ನು ಅವನ ಬಾಯಿಗೇ ತುರುಕಿತು. ಗೋಡೆಯ ಮೇಲೆ ಹಸಿರು ಬಾ ಬಾ ಎಂದು ಕರೆಯುತ್ತಿತ್ತು. ದೋಣಿ ದಿಬ್ಬದ ಮೇಲೆ ಬಂತು. ಹಿಂದಿನಿಂದ ನೀರು ಏಳತೊಡಗಿತು. ಆದರೂ ದೋಣಿ ನೇರವಾಗಿತ್ತು. ನೇರವಾಗಿಯೇ ಬಂದರೆ ಅಲೆಯ ಬೆನ್ನೇರಿ ಒಳಗೆ ಬಿದ್ದೀತು, ಹಾಗೆ ಬದುಕಿದವರೂ ಇದ್ದಾರೆ. ಬರಲಿ, ನೇರವಾಗಿ ಬರಲಿ ಎಂದು ಅವನು ಬೇಡಿಕೊಂಡ.

ಆ ಕ್ಷಣಕ್ಕೆ ಸುತ್ತು ಮುಗಿಯಿತು.

ಬೋರ್ಡು ಗುಂಡಿಯನ್ನು ನೋಡಿತು. ಕೆಳಗೆ ಮುದುಕ ಬೆರಳು ತೆಗೆಯದೆ ಒತ್ತಿಕೊಂಡೇ ಇದ್ದ. ಗೋಡೆ ಇಡೀ ಒಮ್ಮೆಲೇ ಕೆಂಡವಾಯಿತು.

ತಮ್ಮ ಅಣ್ಣನ ಮಾತು ಮೀರುವವನಲ್ಲ. ಕೆಂಪು ಬಂದರೆ ನಿಲ್ಲು ಅಂದಿದ್ದ ಅಣ್ಣ. ಅಳಿವೆಯ ನಟ್ಟನಡುವೆ, ತಿರುಗಿಸಲೇಬಾರದ ಜಾಗದಲ್ಲಿ, ಅವನು ದೋಣಿ ತಿರುಗಿಸಿದ. ದೋಣಿ ಅಲೆಗೆ ಅಡ್ಡ ಬಿತ್ತು.

ಗುರುಗಳು ಇಲ್ಲಿ ಮಾತು ನಿಲ್ಲಿಸಿದರು. ಕೆಳಗಿನಿಂದ ಕಡಲಿನ ಸದ್ದು ಬರುತ್ತಿತ್ತು. ಯಾವಾಗಲೂ ಬರುತ್ತಿದ್ದುದೇ. ಶಿಷ್ಯ ಅದನ್ನು ಈಗ ಮೊದಲ ಸಲ ಕೇಳುವವನಂತೆ ಆ ಕಡೆ ತಿರುಗಿದ.

"ತಮ್ಮ?" ಎಂದ.

"ಹಿಂದಿನ ದೋಣಿಗಳು ಕೆಂಪು ಕಂಡು ಹೊರಗೇ ನಿಂತಿದ್ದವು. ಇಳಿತ ಜೋರಿತ್ತಲ್ಲ, ಬಿದ್ದವರನ್ನೆಲ್ಲ ಹೊರಕ್ಕೇ ಎಳೆದು ತಂದಿತು. ಎತ್ತಿಕೊಂಡರು. ಎಲ್ಲರೂ ಸಿಕ್ಕಿದರು. ತಮ್ಮನ ಕಾಲು ಮಾತ್ರ ದೋಣಿಯ ಅಡಿ ಸಿಕ್ಕಿತ್ತು. ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರು ಇನ್ನೂ ಹೇಳಿಲ್ಲ."

"ಇನ್ನೂ?" ಅಂದ ಶಿಷ್ಯ. ಕತೆಯ ಕಾಲು ಇನ್ನೂ ಆಸ್ಪತ್ರೆಯಲ್ಲಿ ಇರುವುದು ಅವನು ಕೇಳಿ ಅರಿಯದ ಸಂಗತಿ.

"ಇನ್ನೂ. ಹಾಸಿಗೆಯ ಪಕ್ಕದಲ್ಲಿ ಅಣ್ಣ ಕೂತಿದ್ದಾನೆ. ಮಡಿಲಲ್ಲಿ ಬೋರ್ಡು ಇಟ್ಟುಕೊಂಡು ಎಲ್ಲವನ್ನೂ ಹೊಸದಾಗಿ ಬರೆಯುತ್ತಿದ್ದಾನೆ. ಅವನೇ ನನಗೆ ತೋರಿಸಿದ. ಹೆಸರುಗಳೆಲ್ಲ ಹಾಗೆಯೇ ಇವೆ. ತಡೆಗಳೂ ಇವೆ. ಆದರೆ ಒಂದೊಂದು ತಡೆಯ ಒಳಗೂ ಒಂದು ಮಾತು ಸೇರಿಸಿದ್ದಾನೆ. 'ನಿಂತಿರುವಾಗ ಗುಂಡಿಯ ಕಡೆ ನೋಡುತ್ತಿರು, ಒತ್ತಿದರೆ ಇದ್ದದ್ದನ್ನು ಇದ್ದಲ್ಲೇ ಬಿಡು' ಎಂದು. ಆಟ ಕೆಡಲಿಲ್ಲವೇ ಎಂದು ನಾನು ಕೇಳಿದೆ. ಒಂದು ಕೂದಲೆಳೆಯಷ್ಟೂ ಕೆಟ್ಟಿಲ್ಲ ಸ್ವಾಮೀ ಅಂದ. ನಿಲ್ಲುವುದು ಬೇರೆ, ಕಿವುಡಾಗಿ ನಿಲ್ಲುವುದು ಬೇರೆ, ಇಷ್ಟು ದಿನ ಎರಡೂ ಒಂದೇ ಅಂದುಕೊಂಡಿದ್ದೆ ಅಂದ."

ಶಿಷ್ಯ ತುಟಿ ತೇವ ಮಾಡಿಕೊಂಡ. "ಆ ಗುಡ್ಡದ ಮೇಲಿನ ಮನೆಯವನು? ಅವನನ್ನು ಬೈದನೇ?"

"ಇಲ್ಲ. ನಾನು ಬರೆದದ್ದನ್ನೇ ಅವರೂ ಓದುತ್ತಿದ್ದರು ಅಂದ, ಅಷ್ಟೇ. ಮುದುಕನ ಬೈರಾಸು ಒಂದು ಅಲ್ಲೇ ಬಿಟ್ಟುಬಂದೆ, ಸಿಕ್ಕಿದರೆ ಕೊಡಿ ಅಂದ."

ಕಾಲುದೀಪ ಶಿಷ್ಯನ ಮೊಣಕಾಲಿನಿಂದ ಉರುಳಿತು. ಅವನು ಎತ್ತಲಿಲ್ಲ. ಕೈಯಲ್ಲಿದ್ದ ಕೆಂಪು ಬಟ್ಟೆಯನ್ನು ತೊಡೆಯ ಮೇಲೆ ಹರವಿದ. ಹಿತ್ತಾಳೆಯ ಕಿಲುಬು ಅದಕ್ಕೆ ಹಸಿರಾಗಿ ಅಂಟಿತ್ತು. ಉಜ್ಜಿದ. ಹೋಗಲಿಲ್ಲ. ಕೇಳಬಾರದು ಎಂದು ಗೊತ್ತಿದ್ದೂ ಕೇಳಿದ:

"ಗುರುಗಳೇ... ಇದೆಲ್ಲ ನಡೆದದ್ದು ಯಾವತ್ತು?"

"ನೂಲ ಹುಣ್ಣಿಮೆ, ಶನಿವಾರ."